ಅಥೆನ್ಸಿನ ಗಾಯಕಿ ಮತ್ತು ಮಗುವಿನ ಕಣ್ಣಿನ ಬಿಳಿ ಹೊಳಪು

ಗ್ರೀಸ್ ದೇಶದ ಅಥೆನ್ಸ್ ನಗರದ ಹೆಸರನ್ನು ಕೇಳದ ವಿದ್ಯಾವಂತರಿಲ್ಲ. ಅದೇ ಹೆಸರಿನ ಇನ್ನೊಂದು ಊರು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣದಲ್ಲಿ, ಅಲಬಾಮಾ ರಾಜ್ಯದಲ್ಲಿದೆ. ಸುತ್ತಲೂ ಹತ್ತಿಯ ಹೊಲಗಳು, ಬೀದಿಗೊಂದು ಇಗರ್ಜಿ, ಸಮೀಪದಲ್ಲೇ ಟೆನೆಸ್ಸಿ ನದಿಯ ದಡದ ಮೇಲೆ ಬ್ರೌನ್ಸ್ ಫೆರಿ ಎಂಬ ಅಣುವಿದ್ಯುತ್ ಸ್ಥಾವರ. ಇಷ್ಟನ್ನು ಬಿಟ್ಟರೆ ಹೊರಗಿನವರು ಕೇಳಿ ಬರುವಂಥ ವಿಶೇಷ ಆ ಊರಿಗೆ ಇರಲಿಲ್ಲ. ಅಲ್ಲಿನ ನಾಲ್ವರು ತರುಣರು 2009ರಲ್ಲಿ ಕಟ್ಟಿಕೊಂಡ ರಾಕ್ ಸಂಗೀತದ ಮೇಳವೊಂದು ಮೂರೇ ವರ್ಷಗಳಲ್ಲಿ ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿಯೂ ಮನೆಮಾತಾಯಿತು. ಮೇಳದ ಹೆಸರು ‘ಅಲಬಾಮಾ ಶೇಕ್ಸ್’. ಮೊದಲು ಬರಿಯ ‘ಶೇಕ್ಸ್’ ಎಂದೇ ಕರೆದುಕೊಂಡಿದ್ದರು. ಅದೇ ಹೆಸರನ್ನು ಬೇರೆ ಮೇಳವೊಂದು ಇಟ್ಟುಕೊಂಡಿದ್ದುದರಿಂದ ತಮ್ಮ ರಾಜ್ಯದ ಹೆಸರನ್ನು ಮುಂದೆ ಸೇರಿಸಿಕೊಂಡರು.

ಆರೋಗ್ಯದ ಲೇಖನಗಳ ನಡುವೆ ರಾಕ್ ಸಂಗೀತಕ್ಕೇನು ಕೆಲಸವೆಂದು ವಾಚಕರು ಹುಬ್ಬೇರಿಸಬಹುದು. ಈ ಮೇಳದ ಗಾಯಕಿ ಬ್ರಿಟನಿ ಹೊವಾರ್ಡಳ ಬಾಳಿನಲ್ಲಿ ಹಾಡೂ ರೋಗವೂ ಒಂದೇ ಹೊಸಿಲನ್ನು ದಾಟಿ ಬಂದವು. ಆ ರೋಗದ ಹೆಸರು ‘ರೆಟಿನೊಬ್ಲಾಸ್ಟೋಮಾ’, ಎಳೆಯ ಮಕ್ಕಳ ಕಣ್ಣಿನ ಏಡಿಗಂತಿ. ಹಾಡಿನ ಕಥೆಯನ್ನು ಹೇಳಹೊರಟರೆ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ನದಿಯ ದಡದ ಸಂಗೀತ

ಅಥೆನ್ಸಿನಿಂದ ಪಶ್ಚಿಮಕ್ಕೆ ಅದೇ ನದಿಯ ಜಾಡು ಹಿಡಿದು ಹೋದರೆ ಫ್ಲಾರೆನ್ಸ್, ಶೆಫೀಲ್ಡ್, ಮಸಲ್ ಶೋಲ್ಸ್ ಎಂಬ ಸಣ್ಣ ಊರುಗಳು ಸಿಗುತ್ತವೆ. ಬ್ಲೂಸ್ ಹಾಡುಗಳಿಗೆ ಮೊದಲಬಾರಿಗೆ ಸ್ವರಲಿಪಿ ಬರೆದು ಅಚ್ಚು ಹಾಕಿಸಿದವರಲ್ಲಿ ಪ್ರಮುಖನಾದ ಡಬ್ಲ್ಯು. ಸಿ. ಹ್ಯಾಂಡಿ 1873ರಲ್ಲಿ ಹುಟ್ಟಿದ್ದು ಈ ಫ್ಲಾರೆನ್ಸಿನಲ್ಲಿ. ರಿಕ್ ಹಾಲ್ ಎಂಬಾತ ಮಸಲ್ ಶೋಲ್ಸಿನಲ್ಲಿ ನಡೆಸುತ್ತಿದ್ದ ‘ಫೇಮ್’ ಧ್ವನಿಮುದ್ರಣಾಲಯಕ್ಕೆ 1966ರಲ್ಲಿ ವಿಲ್ಸನ್ ಪಿಕೆಟ್, 1967ರ ಜನವರಿಯಲ್ಲಿ ಅರೀತಾ ಫ್ರ್ಯಾಂಕ್ಲಿನ್ ಬಂದು ಹಾಡಿದರು. ಕರಿಯರೂ ಬಿಳಿಯರೂ ಒಂದೇ ಶಾಲೆಯಲ್ಲಿ ಓದಕೂಡದೆಂದು ರಾಜ್ಯಪಾಲ ಜಾರ್ಜ್ ವ್ಯಾಲೇಸನೇ 1963ರಲ್ಲಿ ವಿಶ್ವವಿದ್ಯಾಲಯದ ಬಾಗಿಲಿಗೆ ಅಡ್ಡ ನಿಂತಿದ್ದ ರಾಜ್ಯ ಅದು. ಅಂಥಲ್ಲಿ ಮುಚ್ಚಿದ ಕೋಣೆಯೊಳಗೆ ಬಿಳಿಯ ಹುಡುಗರು ಗಿಟಾರು ಹಿಡಿದು ಕರಿಯ ಗಾಯಕರಿಗೆ ಪಕ್ಕವಾದ್ಯ ನುಡಿಸುತ್ತಿದ್ದರು. ಇಂಗ್ಲೆಂಡಿನ ‘ರೋಲಿಂಗ್ ಸ್ಟೋನ್ಸ್’ ಮೇಳ 1969ರ ಡಿಸೆಂಬರಿನಲ್ಲಿ ಹುಡುಕಿಕೊಂಡು ಬಂದು ಧ್ವನಿಮುದ್ರಣ ಮಾಡಿಸಿದ್ದೂ ಅಲ್ಲಿಯೇ, ಅದೇ ವಾದಕರು ಬೇರೆ ತೆರೆದ ಇನ್ನೊಂದು ಮುದ್ರಣಾಲಯದಲ್ಲಿ.

ಬ್ಲೂಸ್ ಎಂದರೇನೆಂದು ಒಂದು ಮಾತಿನಲ್ಲಿ ಹೇಳುವುದು ಕಷ್ಟ. ಹತ್ತಿಯ ಹೊಲಗಳಲ್ಲಿ ದುಡಿದ ಗುಲಾಮರ ಮಕ್ಕಳು ಮೊಮ್ಮಕ್ಕಳು ತಮ್ಮ ಸಂಕಟವನ್ನು ತಾವೇ ಹಾಡಿಕೊಂಡು ಹಗುರ ಮಾಡಿಕೊಂಡ ಬಗೆ ಅದು. ನಾಲ್ಕು ಎಣಿಕೆಯ ಹನ್ನೆರಡು ಆವರ್ತಗಳಲ್ಲಿ ಮೂರು ಸಾಲಿನ ಒಂದು ನುಡಿ ಮುಗಿಯುತ್ತದೆ. ಮೊದಲ ಸಾಲನ್ನು ಎರಡನೆಯ ಸಾಲಾಗಿ ಮತ್ತೆ ಹಾಡುತ್ತಾರೆ; ಮೂರನೆಯದು ಅದಕ್ಕೆ ಉತ್ತರ. ಬೀಸುವ ಕಲ್ಲಿನ ಮುಂದೆ ಕುಳಿತು ಹೆಣ್ಣುಮಕ್ಕಳು ಹಾಡುವ ತ್ರಿಪದಿಯನ್ನು ಕೇಳಿ ಬೆಳೆದವರಿಗೆ ಈ ಮೂರು ಸಾಲಿನ ಲೆಕ್ಕ ಅಪರಿಚಿತವೆನಿಸದು. ಎರಡಕ್ಕೂ ಯಾವ ನಂಟೂ ಇಲ್ಲ, ನಿಜ. ಆದರೂ ಕೈಗೆ ಕೆಲಸವಿದ್ದು ಮನಸ್ಸಿಗೆ ಭಾರವಿದ್ದಾಗ ಮನುಷ್ಯನಿಗೆ ಮೂರು ಸಾಲು ಸಾಕಾಗುತ್ತವೇನೋ. ಇನ್ನು ‘ಸೋಲ್’ ಎಂಬುದು ಇಗರ್ಜಿಯ ಭಕ್ತಿಗಾಯನದ ಆವೇಶವನ್ನು ಲೌಕಿಕದ ಪ್ರೀತಿ, ವಿರಹಗಳಿಗೆ ಒಗ್ಗಿಸಿಕೊಂಡ ಸಂಗೀತ. ಇವೆರಡನ್ನೂ ವಿದ್ಯುತ್ ಗಿಟಾರಿನ ಅಬ್ಬರದೊಡನೆ ಬೆರೆಸಿದ್ದೇ ಅಲಬಾಮಾ ಶೇಕ್ಸ್ ಮೇಳದ ಪಾಕ.

ಟಪಾಲು ಹಂಚುತ್ತಿದ್ದ ಹುಡುಗಿ

ಬ್ರಿಟನಿ ಹುಟ್ಟಿದ್ದು 1988ರ ಅಕ್ಟೋಬರ್ 2ರಂದು. ತಂದೆ ಕರಿಯ, ತಾಯಿ ಬಿಳಿಯಳು. ಹಳೆಯ ಮೋಟಾರುಗಳ ಗುಜರಿಯಂಗಳದ ನಡುವಿನ ಮನೆಯಲ್ಲಿ ಬಾಲ್ಯ ಕಳೆಯಿತು. ಪ್ರೌಢಶಾಲೆಯ ಮನಶ್ಶಾಸ್ತ್ರದ ತರಗತಿಯಲ್ಲಿ ಝ್ಯಾಕ್ ಕಾಕ್ರೆಲ್ ಎಂಬ ಹುಡುಗನ ಪರಿಚಯವಾಯಿತು. ಆತ ಬಾಸ್ ಗಿಟಾರು ನುಡಿಸುತ್ತಿದ್ದ. ಶಾಲೆ ಬಿಟ್ಟ ಮೇಲೆ ಇಬ್ಬರೂ ಕುಳಿತು ಹಾಡು ಕಟ್ಟತೊಡಗಿದರು. ಡ್ರಮ್ ಬಾರಿಸಲು ಸ್ಟೀವ್ ಜಾನ್ಸನ್ ಬಂದ. ಗಿಟಾರಿಗೆ ಹೀತ್ ಫಾಗ್ ಸೇರಿದ. ಒಬ್ಬ ಅಣುಸ್ಥಾವರದಲ್ಲಿ ನೌಕರ, ಒಬ್ಬ ಮನೆಗಳಿಗೆ ಬಣ್ಣ ಬಳಿಯುವವ, ಒಬ್ಬ ಪಶುವೈದ್ಯಶಾಲೆಯಲ್ಲಿ ಸಹಾಯಕ. ಬ್ರಿಟನಿ ಅಂಚೆ ಇಲಾಖೆಯಲ್ಲಿ ಟಪಾಲು ಹಂಚುವ ಕೆಲಸ ಮಾಡುತ್ತಿದ್ದಳು. ಹಗಲೆಲ್ಲ ಊರೂರಿನ ಪೆಟ್ಟಿಗೆಗಳಿಗೆ ಕಾಗದ ಹಾಕಿ ಬಂದು, ಸಂಜೆ ಗಿಟಾರು ಹೆಗಲಿಗೇರಿಸುತ್ತಿದ್ದಳು.

ಮೊದಮೊದಲ ಕಚೇರಿಗಳು ನಡೆದದ್ದು ಸುತ್ತಮುತ್ತಲ ಊರುಗಳ ಸಣ್ಣ ಪಾನಗೃಹಗಳಲ್ಲಿ. ಜೇಮ್ಸ್ ಬ್ರೌನ್, ಓಟಿಸ್ ರೆಡಿಂಗ್ ಇವರ ಹಾಡುಗಳನ್ನೂ ‘ಲೆಡ್ ಝೆಪೆಲಿನ್’ ಮೇಳದ ಹಾಡುಗಳನ್ನೂ ಹಾಡಿ, ನಡುನಡುವೆ ತಮ್ಮ ಸ್ವಂತ ರಚನೆಗಳನ್ನು ಸೇರಿಸುತ್ತಿದ್ದರು. ಒಂದು ಕಚೇರಿಯನ್ನು ಕೇಳಿದ ಪ್ಯಾಟರ್ಸನ್ ಹುಡ್ ಎಂಬ ಸಂಗೀತಗಾರ ಈ ಮೇಳಕ್ಕೆ ವ್ಯವಸ್ಥಾಪಕರನ್ನು ದೊರಕಿಸಿಕೊಟ್ಟ. ಮಸಲ್ ಶೋಲ್ಸಿನ ಆ ಹಳೆಯ ವಾದಕರಲ್ಲೊಬ್ಬನಾದ ಡೇವಿಡ್ ಹುಡ್‌ನ ಮಗ ಈತ. ಒಂದು ಪೀಳಿಗೆಯ ಋಣ ಇನ್ನೊಂದರಲ್ಲಿ ಸಂದ ಹಾಗಾಯಿತು. 2011ರಲ್ಲಿ ಅವರ ಒಂದು ಹಾಡು ಅಂತರ್ಜಾಲದ ಮೂಲಕ ಹರಡಿದ್ದೇ ತಡ, ಧ್ವನಿಮುದ್ರಿಕೆಯ ಸಂಸ್ಥೆಗಳು ಅಥೆನ್ಸಿನ ದಾರಿ ಹುಡುಕತೊಡಗಿದವು. 2012ರ ಏಪ್ರಿಲಿನಲ್ಲಿ ‘ಬಾಯ್ಸ್ ಅಂಡ್ ಗರ್ಲ್ಸ್’ ಎಂಬ ಮೊದಲ ಸಂಕಲನ ಹೊರಬಂದಿತು. ಅದರ ಮೊದಲ ಹಾಡಾದ ‘ಹೋಲ್ಡ್ ಆನ್’ ಆ ವರ್ಷದ ಅತ್ಯುತ್ತಮ ಗೀತೆಯೆಂದು ‘ರೋಲಿಂಗ್ ಸ್ಟೋನ್’ ಪತ್ರಿಕೆ ಆರಿಸಿತು. 2013ರಲ್ಲಿ ಮೇಳ ಶ್ವೇತಭವನದಲ್ಲಿ ಹಾಡಿತು. 2015ರ ‘ಸೌಂಡ್ ಅಂಡ್ ಕಲರ್’ ಸಂಕಲನ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿ, ಮರುವರ್ಷ ಗ್ರ್ಯಾಮಿ ಪುರಸ್ಕಾರಗಳನ್ನು ಬಾಚಿಕೊಂಡಿತು.

ಯಶಸ್ಸಿನ ವಿವರ ಇಷ್ಟು ಸಾಕು. ಆ ಕಂಠದ ವಿಷಯ ಹೇಳಬೇಕು. ಪಿಸುಗುಟ್ಟುವಂತೆ ಆರಂಭವಾಗಿ, ಎಲ್ಲಿ ಒಡೆಯುವುದೋ ಎಂದು ಕೇಳುಗರು ಉಸಿರು ಬಿಗಿಹಿಡಿಯುವಷ್ಟರಲ್ಲಿ ಒಡೆದೇ ಬಿಡುವ ಕಂಠವದು. ಶ್ರುತಿಶುದ್ಧಿಗೆ ಒಗ್ಗಿದ ನಮ್ಮ ಕಿವಿಗಳಿಗೆ ಅದು ಚೀತ್ಕಾರವೆನಿಸಿದರೆ ಆಶ್ಚರ್ಯವಿಲ್ಲ. ಎರಡನೆಯ ಸಲ ಕೇಳಿದವರಿಗೆ ಆ ಚೀತ್ಕಾರದಲ್ಲಿ ಲೆಕ್ಕವಿರುವುದು ತಿಳಿಯುತ್ತದೆ.

ಅಕ್ಕ

ಬ್ರಿಟನಿಗೆ ಜೇಮಿ ಎಂಬ ಅಕ್ಕನಿದ್ದಳು. ತಂಗಿಗೆ ಪಿಯಾನೋ ನುಡಿಸುವುದನ್ನೂ ಕವಿತೆ ಬರೆಯುವುದನ್ನೂ ಕಲಿಸಿದವಳು ಅವಳೇ. ಆ ಅಕ್ಕ ರೆಟಿನೊಬ್ಲಾಸ್ಟೋಮಾ ರೋಗದಿಂದ 1998ರಲ್ಲಿ ತೀರಿಕೊಂಡಳು. ಅವಳಿಗೆ ಆಗ 13 ವರ್ಷ. ತಂಗಿಗೆ ಸುಮಾರು ಒಂಬತ್ತು. ಅದೇ ರೋಗ ತಂಗಿಗೂ ಬಂದಿತ್ತು. ಆಕೆ ಬದುಕಿ ಉಳಿದಳು. ಒಂದು ಕಣ್ಣಿನ ದೃಷ್ಟಿ ಬಹುಮಟ್ಟಿಗೆ ನಷ್ಟವಾಯಿತು. ಕೆಲವು ವರ್ಷಗಳ ಬಳಿಕ ಹುಡುಗಿ ಗಿಟಾರು ಹಿಡಿದಳು.

ಒಂದೇ ಮನೆಯ ಇಬ್ಬರು ಮಕ್ಕಳಿಗೆ ಇಂಥ ವಿರಳ ರೋಗ ಬಂದಾಗ ವೈದ್ಯರು ಮೊದಲು ಶಂಕಿಸುವುದು ವಂಶವಾಹಿಯನ್ನು. ಈ ರೋಗ ಹುಟ್ಟುವ 15ರಿಂದ 20 ಸಾವಿರ ಶಿಶುಗಳಲ್ಲಿ ಒಂದಕ್ಕೆ ಬರುತ್ತದೆ. ಹೆಚ್ಚಿನವರಿಗೆ ಐದು ವರ್ಷ ತುಂಬುವುದರೊಳಗೇ ಕಾಣಿಸಿಕೊಳ್ಳುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಎಂಟು ಸಾವಿರಕ್ಕೂ ಮಿಕ್ಕಿ ಮಕ್ಕಳಿಗೆ ಬರುತ್ತದೆಂದು ಅಂದಾಜು. ಅವರಲ್ಲಿ ಸುಮಾರು ಒಂದೂವರೆ ಸಾವಿರ ಮಕ್ಕಳು ಭಾರತದವರು. ಬೇರಾವ ದೇಶದಲ್ಲಿಯೂ ಇಷ್ಟು ಸಂಖ್ಯೆಯಿಲ್ಲ. ನಮ್ಮಲ್ಲಿ ರೋಗ ಹೆಚ್ಚೆಂದು ಇದರ ಅರ್ಥವಲ್ಲ, ಮಕ್ಕಳು ಹೆಚ್ಚು.

ಕಣ್ಣಿನ ಒಳಗೋಡೆಗೆ ಅಂಟಿಕೊಂಡು ಬೆಳಕನ್ನು ಗ್ರಹಿಸುವ ತೆಳು ಪೊರೆಯೇ ಅಕ್ಷಿಪಟಲ. ಗಡ್ಡೆ ಹುಟ್ಟುವುದು ಅಲ್ಲಿ. 13ನೆಯ ವರ್ಣತಂತುವಿನ ಮೇಲೆ ಆರ್‌ಬಿ1 ಎಂಬ ವಂಶವಾಹಿಯಿದೆ. ಜೀವಕೋಶ ಮಿತಿಮೀರಿ ಒಡೆದು ಬೆಳೆಯದಂತೆ ತಡೆಯುವುದು ಅದರ ಕೆಲಸ. ಪ್ರತಿ ಕೋಶದಲ್ಲಿಯೂ ಅದರ ಎರಡು ಪ್ರತಿಗಳಿರುತ್ತವೆ, ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ. ಒಂದು ಕೆಟ್ಟರೂ ಇನ್ನೊಂದು ಕಾವಲು ಕಾಯುತ್ತದೆ. ಎರಡೂ ಕೆಟ್ಟಾಗ ಗಡ್ಡೆ. ಅಮೆರಿಕದ ವೈದ್ಯ ವಿಜ್ಞಾನಿ ಆಲ್ಫ್ರೆಡ್ ನಡ್ಸನ್ 1971ರಲ್ಲಿ ಕೇವಲ 48 ರೋಗಿಗಳ ವಿವರಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿ ಈ ‘ಎರಡು ಪೆಟ್ಟಿನ’ ಸಿದ್ಧಾಂತವನ್ನು ಮಂಡಿಸಿದ. ಆ ವಂಶವಾಹಿಯನ್ನು ಯಾರೂ ಆಗ ಕಂಡಿರಲಿಲ್ಲ. ಅದನ್ನು ಬೇರ್ಪಡಿಸಿ ಗುರುತಿಸಿದ್ದು 1986ರಲ್ಲಿ. ಏಡಿಗಂತಿಯನ್ನು ತಡೆಯುವ ವಂಶವಾಹಿಗಳಲ್ಲಿ ಮನುಷ್ಯನ ಕೈಗೆ ಸಿಕ್ಕ ಮೊದಲನೆಯದು ಅದು. ಅನಂತರ ಎಲ್ಲ ಬಗೆಯ ಏಡಿಗಂತಿಗಳ ಅಧ್ಯಯನಕ್ಕೂ ಮಕ್ಕಳ ಈ ವಿರಳ ಕಣ್ಣುರೋಗ ದಾರಿ ತೋರಿತು.

ಸುಮಾರು ನೂರಕ್ಕೆ 40ರಷ್ಟು ಮಕ್ಕಳಲ್ಲಿ ಒಂದು ಪ್ರತಿ ಹುಟ್ಟುವಾಗಲೇ ಕೆಟ್ಟಿರುತ್ತದೆ. ಅಂಥವರಿಗೆ ಸಾಮಾನ್ಯವಾಗಿ ರೋಗ ಬೇಗ ಬರುತ್ತದೆ, ಅನೇಕರಿಗೆ ಎರಡೂ ಕಣ್ಣುಗಳಲ್ಲಿ ಬರುತ್ತದೆ. ಅವರು ಬೆಳೆದು ಮಕ್ಕಳನ್ನು ಪಡೆದಾಗ ಪ್ರತಿ ಮಗುವಿಗೂ ಆ ದೋಷ ಹರಿಯುವ ಸಂಭವ ಎರಡರಲ್ಲಿ ಒಂದು. ಉಳಿದವರಲ್ಲಿ ಎರಡು ಪೆಟ್ಟುಗಳೂ ಕಣ್ಣಿನ ಕೋಶವೊಂದರಲ್ಲೇ ಬಿದ್ದಿರುತ್ತವೆ. ಆ ದೋಷ ಮುಂದಿನ ಪೀಳಿಗೆಗೆ ಹೋಗುವುದಿಲ್ಲ. ತಾಯಿಯ ಬಸಿರಿನ ಪಥ್ಯಕ್ಕೂ ಗ್ರಹಣಕ್ಕೂ ಯಾರದೋ ದೃಷ್ಟಿ ತಗುಲಿತೆಂಬುದಕ್ಕೂ ಈ ರೋಗಕ್ಕೂ ಸಂಬಂಧವಿಲ್ಲ. ಇಷ್ಟನ್ನು ಸ್ಪಷ್ಟವಾಗಿ ಹೇಳಲೇಬೇಕು. ಏಕೆಂದರೆ ಮಗುವಿಗೆ ಇಂಥದ್ದು ಬಂದಾಗ ಸೊಸೆಯ ಕಡೆಗೆ ಬೆರಳು ತೋರಿಸುವ ಮನೆಗಳು ಊರಿನಲ್ಲೂ ಇವೆ, ಮಹಾನಗರದ ಹದಿನೈದನೆಯ ಅಂತಸ್ತಿನಲ್ಲೂ ಇವೆ.

ಛಾಯಾಚಿತ್ರ ಹೇಳುವ ಮಾತು

ರೋಗದ ಮೊದಲ ಚಿಹ್ನೆಯನ್ನು ಕಂಡುಹಿಡಿಯುವವರು ಬಹುತೇಕ ವೈದ್ಯರಲ್ಲ, ಮನೆಯವರು. ಕತ್ತಲ ಕೋಣೆಯಲ್ಲಿ ದೀಪದ ಬೆಳಕು ಓರೆಯಾಗಿ ಬಿದ್ದಾಗ ಮಗುವಿನ ಪಾಪೆ ಬೆಕ್ಕಿನ ಕಣ್ಣಿನಂತೆ ಬಿಳಿಯಾಗಿ ಮಿನುಗುತ್ತದೆ. ಕ್ಯಾಮೆರಾದ ಫ್ಲ್ಯಾಶ್ ಬೆಳಗಿ ಚಿತ್ರ ತೆಗೆದಾಗ ಆರೋಗ್ಯವಂತ ಕಣ್ಣಿನ ಪಾಪೆ ಕೆಂಪಾಗಿ ಹೊಳೆಯುತ್ತದೆ. ಅದು ಒಳಪದರದ ರಕ್ತದ ಬಣ್ಣ. ಗಡ್ಡೆಯಿದ್ದರೆ ಬೆಳಕು ಅದಕ್ಕೆ ತಗುಲಿ ಬಿಳಿಯಾಗಿ ಮರಳುತ್ತದೆ. ನಾಮಕರಣದ್ದೋ ಮೊದಲ ಹುಟ್ಟುಹಬ್ಬದ್ದೋ ಚಿತ್ರವನ್ನು ಊರಿನ ಅಜ್ಜಿಗೆ ಕಳುಹಿಸಿದಾಗ ‘ಇದೇನು, ಒಂದು ಕಣ್ಣು ಬೆಳ್ಳಗಿದೆಯಲ್ಲ?’ ಎಂದು ಅಜ್ಜಿ ಕೇಳಿದರೆ, ‘ಕ್ಯಾಮೆರಾದ ದೋಷ’ ಎಂದು ತಳ್ಳಿಹಾಕಕೂಡದು. ಚಿತ್ರದಲ್ಲಿ ಬಿಳಿ ಹೊಳಪು ಕಂಡ ಮಾತ್ರಕ್ಕೆ ಏಡಿಗಂತಿಯೆಂದೂ ಅಲ್ಲ. ಬೆಳಕು ಬಿದ್ದ ಕೋನದಿಂದಲೂ, ಹುಟ್ಟಿನಿಂದ ಬಂದ ಪೊರೆಯಿಂದಲೂ, ಇನ್ನಿತರ ಕಣ್ಣುಬೇನೆಗಳಿಂದಲೂ ಹಾಗಾಗಬಹುದು. ಯಾವುದೆಂದು ನಿರ್ಧರಿಸಬೇಕಾದವರು ನೇತ್ರವೈದ್ಯರು. ಅದೂ ಮುಂದಿನ ತಿಂಗಳಲ್ಲ, ಅದೇ ವಾರ.

ಎರಡನೆಯ ಚಿಹ್ನೆ ಮೆಳ್ಳೆಗಣ್ಣು. ಎಳೆಗೂಸಿನ ಕಣ್ಣು ಮೊದಲ ಮೂರು ತಿಂಗಳು ಆಗಾಗ ಓರೆಯಾಗುವುದುಂಟು. ಆ ಮೇಲೂ ಉಳಿದರೆ ಪರೀಕ್ಷೆ ಮಾಡಿಸಲೇಬೇಕು. ಮೆಳ್ಳೆಗಣ್ಣು ಅದೃಷ್ಟದ ಗುರುತೆಂದು ನಂಬಿ ಸುಮ್ಮನಿರುವವರು ಇನ್ನೂ ಇದ್ದಾರೆ. ಆ ಅದೃಷ್ಟಕ್ಕೆ ಮಗು ಕೊಡುವ ಬೆಲೆ ಬಹಳ ದೊಡ್ಡದಾಗಬಹುದು. ಕಣ್ಣು ಕೆಂಪಾಗುವುದು, ಊದಿಕೊಂಡು ಮುಂದಕ್ಕೆ ಬರುವುದು ರೋಗ ಬಲಿತ ಮೇಲಿನ ಲಕ್ಷಣಗಳು.

ವೈದ್ಯರು ಪಾಪೆಯನ್ನು ಹಿಗ್ಗಿಸುವ ಹನಿ ಹಾಕಿ ಒಳಗೆ ನೋಡುತ್ತಾರೆ. ಸಂಶಯ ಬಂದರೆ ಮಗುವಿಗೆ ಅರಿವಳಿಕೆ ಕೊಟ್ಟು ಎರಡೂ ಕಣ್ಣುಗಳನ್ನು ಪೂರ್ತಿ ಪರೀಕ್ಷಿಸುತ್ತಾರೆ. ಬೇರೆ ಗಡ್ಡೆಗಳಂತೆ ಸೂಜಿ ಚುಚ್ಚಿ ತುಣುಕು ತೆಗೆದು ನೋಡುವ ಪದ್ಧತಿ ಇಲ್ಲಿಲ್ಲ. ಹಾಗೆ ಮಾಡಿದರೆ ರೋಗ ಕಣ್ಣಿನ ಹೊರಗೆ ಚೆಲ್ಲುವ ಭಯ. ಗಡ್ಡೆ ಚಿಕ್ಕದಿದ್ದರೆ ಲೇಸರ್ ಕಿರಣದಿಂದ ಸುಡುವುದು, ಅತಿಶೈತ್ಯದಿಂದ ಹೆಪ್ಪುಗಟ್ಟಿಸುವುದು; ದೊಡ್ಡದಿದ್ದರೆ ಔಷಧವನ್ನು ರಕ್ತನಾಳದ ಮೂಲಕ ಕೆಲವು ಸರದಿಗಳಲ್ಲಿ ಕೊಟ್ಟು ಕುಗ್ಗಿಸುವುದು. ಕಣ್ಣಿಗೆ ಹೋಗುವ ಸಣ್ಣ ಧಮನಿಯೊಳಗೇ ಔಷಧವನ್ನು ಬಿಡುವ ವಿಧಾನವೂ ಈಗ ಬಂದಿದೆ. ಹೊರಗಿನಿಂದ ವಿಕಿರಣ ಹಾಯಿಸುವ ಹಳೆಯ ಕ್ರಮವನ್ನು ಈಚೆಗೆ ಆದಷ್ಟು ದೂರವಿಡುತ್ತಾರೆ. ಹುಟ್ಟಿನಿಂದ ದೋಷವಿರುವ ಮಕ್ಕಳಿಗೆ ಅದರಿಂದ ಮುಂದೆ ಬೇರೆ ಏಡಿಗಂತಿಗಳು ಬರುವ ಅಪಾಯ ಹೆಚ್ಚುತ್ತದೆ.

ಗಡ್ಡೆ ಕಣ್ಣನ್ನು ತುಂಬಿಕೊಂಡಿದ್ದರೆ ಕಣ್ಣನ್ನೇ ತೆಗೆಯಬೇಕಾಗುತ್ತದೆ. ಕುಟುಂಬಗಳು ಕಂಗೆಡುವುದು ಇಲ್ಲಿ. ‘ಹೆಣ್ಣುಮಗು, ಮುಂದೆ ಮದುವೆ ಹೇಗೆ?’ ಎಂಬ ಪ್ರಶ್ನೆ ಏಳುತ್ತದೆ. ಮತ್ತೊಬ್ಬ ವೈದ್ಯರು, ಮತ್ತೊಂದು ಊರಿನ ನಾಟಿ ಔಷಧ, ಒಂದು ಹರಕೆ ಎನ್ನುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಅಷ್ಟರಲ್ಲಿ ರೋಗ ದೃಷ್ಟಿನರದ ದಾರಿ ಹಿಡಿದು ಮಿದುಳಿಗೆ ಸಾಗಿರುತ್ತದೆ. ಆಮೇಲೆ ಎಲ್ಲದಕ್ಕೂ ಒಪ್ಪಿ ಕೈಮುಗಿದು ನಿಂತರೂ ವೈದ್ಯರ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಕಣ್ಣಿನೊಳಗೇ ಇರುವಾಗ ಪತ್ತೆಯಾದರೆ ಬದುಕಿ ಉಳಿಯುವ ಮಕ್ಕಳು ನೂರಕ್ಕೆ 95ಕ್ಕಿಂತ ಹೆಚ್ಚು. ಶ್ರೀಮಂತ ದೇಶಗಳಲ್ಲಿ ಇದು ನಿತ್ಯದ ಮಾತು. ತೆಗೆದ ಕಣ್ಣಿನ ಜಾಗಕ್ಕೆ ಕೆಲವು ವಾರಗಳಲ್ಲಿ ಕೃತಕ ಕಣ್ಣನ್ನು ಕೂಡಿಸುತ್ತಾರೆ. ಇನ್ನೊಂದು ಕಣ್ಣಿನ ಬಣ್ಣಕ್ಕೆ ಹೊಂದಿಸಿ ಮಾಡಿದ ಅದನ್ನು ಎದುರಿಗೆ ಕುಳಿತವರೂ ಎಷ್ಟೋ ಸಲ ಗುರುತಿಸಲಾರರು.

ಒಂದು ಮಗುವಿಗೆ ಬಂದರೆ ಅದರ ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು. ಮನೆತನದಲ್ಲಿ ಮೊದಲೇ ರೋಗವಿದ್ದರೆ ಶಿಶು ಹುಟ್ಟಿದ ದಿನಗಳಿಂದಲೇ ಕೆಲವು ವಾರಗಳಿಗೊಮ್ಮೆ ಕಣ್ಣು ತೋರಿಸುತ್ತಿರಬೇಕು. ರಕ್ತದ ಪರೀಕ್ಷೆಯಿಂದ ವಂಶವಾಹಿಯ ದೋಷವನ್ನು ಗುರುತಿಸುವ ಸೌಲಭ್ಯ ಈಗ ಭಾರತದಲ್ಲಿಯೂ ಇದೆ.

ಹೊರನಾಡ ಕನ್ನಡಿಗರಿಗೆ ಈ ವಿಷಯದಲ್ಲೊಂದು ಅನುಕೂಲವುಂಟು. ಈ ಚಿಕಿತ್ಸೆಗೆ ಹೆಸರಾದ ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆ, ಚೆನ್ನೈನ ಶಂಕರ ನೇತ್ರಾಲಯ, ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಇವೆಲ್ಲ ಅವರು ನೆಲೆಸಿರುವ ನಗರಗಳಲ್ಲೇ ಇವೆ. ರಾಯಚೂರು, ಕಲಬುರಗಿಗಳ ಕಡೆಯಿಂದ ಹೈದರಾಬಾದಿಗೆ, ಬೆಳಗಾವಿ, ವಿಜಯಪುರಗಳ ಕಡೆಯಿಂದ ಮುಂಬಯಿಗೆ ಮಗುವನ್ನು ಎತ್ತಿಕೊಂಡು ಬರುವವರು ಮೊದಲು ಕೇಳುವುದು ಅಲ್ಲಿರುವ ನೆಂಟರ ವಿಳಾಸವನ್ನು. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ಮೂರು ನಾಲ್ಕು ವಾರಗಳಿಗೊಮ್ಮೆ ಬಂದು ಹೋಗಬೇಕು. ಇಳಿದುಕೊಳ್ಳಲು ಜಾಗವಿಲ್ಲದೆ, ಆಸ್ಪತ್ರೆಯ ಕಾಗದಪತ್ರಗಳ ಭಾಷೆ ತಿಳಿಯದೆ ಅರ್ಧಕ್ಕೆ ಕೈಬಿಟ್ಟು ಹೋಗುವವರೂ ಇದ್ದಾರೆ. ಒಂದು ಮಲಗುವ ಕೋಣೆಯ ಮನೆಯಲ್ಲಿ ಮೂರು ದಿನ ಅವರಿಗೆ ಚಾಪೆ ಹಾಸಿಕೊಡುವುದು ಸಣ್ಣ ತೊಂದರೆಯೇನಲ್ಲ. ಚಿಕಿತ್ಸೆ ನಿಲ್ಲದಿರುವುದು ಕೆಲವೊಮ್ಮೆ ಆ ಚಾಪೆಯ ಮೇಲೆಯೇ ನಿಂತಿರುತ್ತದೆ.

ಕಿವಿಯ ಮಾತು

ರಾಕ್ ಸಂಗೀತದ ಮಾತು ಬಂದಾಗ ಕಿವಿಯ ವಿಷಯವನ್ನು ಬಿಡುವುದು ಸರಿಯಲ್ಲ. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದೆಂದು ಒಂದು ಅಂಗೀಕೃತ ಮಾನ. ಪ್ರತಿ ಮೂರು ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್ಲಿಗೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ರಾಕ್ ಕಚೇರಿಗಳಲ್ಲಿ ಅಷ್ಟು ಶಬ್ದ ಸಾಮಾನ್ಯ. ನಮ್ಮ ಗಣೇಶೋತ್ಸವದ ಧ್ವನಿವರ್ಧಕಗಳೂ ಹಿಂದೆ ಬಿದ್ದಿಲ್ಲ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟವು. ಲೋಕಲ್ ರೈಲಿನ ಗದ್ದಲವನ್ನು ಮೀರಿಸಲು ಕಿವಿಗೆ ಸಿಕ್ಕಿಸಿಕೊಂಡ ಯಂತ್ರದ ಸದ್ದನ್ನು ಏರಿಸುವ ಹುಡುಗರು ಇದನ್ನು ತಿಳಿದಿರಬೇಕು.

ಮತ್ತೆ ಜೇಮಿ

2018ರ ಹೊತ್ತಿಗೆ ಅಲಬಾಮಾ ಶೇಕ್ಸ್ ಮೇಳ ಹಾಡುವುದನ್ನು ನಿಲ್ಲಿಸಿತು. ಬ್ರಿಟನಿ ಒಂಟಿಯಾಗಿ ಹಾಡುಗಳನ್ನು ಕಟ್ಟಿ 2019ರ ಸೆಪ್ಟೆಂಬರಿನಲ್ಲಿ ಸಂಕಲನವೊಂದನ್ನು ಹೊರತಂದಳು. ಅದಕ್ಕೆ ಇಟ್ಟ ಹೆಸರು ‘ಜೇಮಿ’. ಅಕ್ಕನ ಸ್ಮರಣೆಗಾಗಿ ಹೆಸರೇ ಹೊರತು ಹಾಡುಗಳು ಅಕ್ಕನನ್ನು ಕುರಿತವಲ್ಲ, ತನ್ನನ್ನೇ ಕುರಿತವು ಎಂದು ಆಕೆ ಸ್ಪಷ್ಟಪಡಿಸಿದಳು. ಅದರಲ್ಲಿನ ಒಂದು ಹಾಡು, ಕರಿಯ ತಂದೆಯ ಮೋಟಾರಿನ ಚಕ್ರಗಳನ್ನು ಸೀಳಿ ಹಿಂದಿನ ಆಸನದಲ್ಲಿ ಆಡಿನ ತಲೆಯನ್ನು ಇಟ್ಟುಹೋದ ಘಟನೆಯನ್ನು ಹೇಳುತ್ತದೆ. ಇನ್ನೊಂದು ಹಾಡು ‘ಸ್ಟೇ ಹೈ’ 2021ರಲ್ಲಿ ಅತ್ಯುತ್ತಮ ರಾಕ್ ಗೀತೆಯೆಂದು ಗ್ರ್ಯಾಮಿ ಪಡೆಯಿತು. ಅಕ್ಕ ಕಲಿಸಿದ ಪಿಯಾನೋ ಅಲ್ಲಲ್ಲಿ ಕೇಳಿಬರುತ್ತದೆ.

2024ರ ಡಿಸೆಂಬರಿನಲ್ಲಿ ಅಲಬಾಮಾದ ಟಸ್ಕಲೂಸಾ ಊರಿನ ಹಳೆಯ ನಾಟ್ಯಶಾಲೆಯೊಂದರಲ್ಲಿ, ಮುನ್ಸೂಚನೆಯಿಲ್ಲದೆ, ಮೇಳ ಮತ್ತೆ ವೇದಿಕೆಗೆ ಬಂದಿತು. ಬ್ರಿಟನಿ, ಝ್ಯಾಕ್, ಹೀತ್ ಮೂವರೇ ಉಳಿದಿದ್ದರು. 2025ರಲ್ಲಿ ಅವರು ಮತ್ತೆ ಊರೂರು ಸುತ್ತಿ ಹಾಡಿದರು, ಹೊಸ ಹಾಡೊಂದನ್ನೂ ಹೊರತಂದರು. ದಪ್ಪ ಚೌಕಟ್ಟಿನ ಕನ್ನಡಕ ಹಾಕಿಕೊಂಡು, ಗಿಟಾರನ್ನು ಎದೆಯ ಎತ್ತರಕ್ಕೆ ಹಿಡಿದು, ಒಂದು ಕಣ್ಣು ಮಸುಕಾದ ಆ ಹೆಂಗಸು ದೀಪಗಳ ಕಡೆಗೆ ಮುಖವೆತ್ತಿ ಹಾಡುತ್ತಾಳೆ.